ಆ ಕ್ಯೂ ಬಗ್ಗೆ ನಿನ್ನ ತಕರಾರು

ಪ್ರೀತಿಯ ಗೆಳೆಯಾ,

ಕೊಡಗಿನ ಸುಂಟಿಕೊಪ್ಪದಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಕಾಫಿ ತೋಟದಲ್ಲಿ ಕೆಲಸ ನಿಂತಿದೆ, ನಿನಗೆ ಉದ್ದಕ್ಕೆ ಬರೆಯುವಷ್ಟು ಪುರುಸೊತ್ತಿದೆ. ಬೆಂಗಳೂರಿನ ಹಳೇ ಹೋಟೆಲುಗಳೆಲ್ಲ ಹೆಸರಿನ ಬಲದಲ್ಲಿ ನಡೆಯುತ್ತಿವೆ, ಅಲ್ಲೀಗ ಉಳಿದಿರುವುದು ಕ್ಯೂ ಒಂದೇ ಅಂತ ಬರೆದಿದ್ದೀಯ. ಅರ್ಧ ಮಾತು ಒಪ್ಪುತ್ತೇನೆ, ಇನ್ನರ್ಧಕ್ಕೆ ಖಂಡಿತ ಒಪ್ಪುವುದಿಲ್ಲ ಮಾರಾಯ. ನೀನು ಯಾವ ಕ್ಯೂ ಬಗ್ಗೆ ಸಿಟ್ಟಾಗಿದ್ದೀಯೋ, ದೋಸೆ ಉಳಿದಿರುವುದೇ ಅದರಿಂದ.

ವಿದ್ಯಾರ್ಥಿ ಭವನವನ್ನೇ ತಗೋ. 1943ರಲ್ಲಿ ಗಾಂಧಿ ಬಜಾರಿನಲ್ಲಿ ಶುರುವಾಗಿದ್ದು. ಭಾನುವಾರ ಬೆಳಿಗ್ಗೆ ಬಾಗಿಲ ಹೊರಗೆ ಜನ ನಿಂತಿರುತ್ತಾರೆ, ಅದು ನಿಜ. ಆದರೆ ಒಳಗೆ ಕಾವಲಿಯ ಹತ್ತಿರ ಏನು ನಡೆಯುತ್ತದೆ ನೋಡಿದ್ದೀಯಾ? ನೀರು ಚಿಮುಕಿಸುತ್ತಾರೆ, ಚೊಯ್ ಅನ್ನುತ್ತದೆ, ಕಡ್ಡಿ ಪೊರಕೆಯಿಂದ ಒಮ್ಮೆ ಗುಡಿಸುತ್ತಾರೆ, ಸಾಲಾಗಿ ಹಿಟ್ಟು ಹುಯ್ಯುತ್ತಾ ಹೋಗುತ್ತಾರೆ. ಕೊನೆಯದನ್ನು ಹುಯ್ದು ಮುಗಿಸುವಷ್ಟರಲ್ಲಿ ಮೊದಲನೆಯದರ ಅಂಚು ಕೆಂಪಾಗಿರುತ್ತದೆ. ಕಾವಲಿಗೆ ಆರಲು ಸಮಯವೇ ಇಲ್ಲ. ಹಿಟ್ಟಿಗೂ ಅಷ್ಟೆ. ರುಬ್ಬಿ ಉಬ್ಬಿದ ಹಿಟ್ಟು ಯಾರಿಗೋಸ್ಕರವೂ ಕಾಯುವುದಿಲ್ಲ, ಗಂಟೆ ಕಳೆದಂತೆ ಹುಳಿ ಏರುತ್ತಲೇ ಇರುತ್ತದೆ. ಜನ ಇದ್ದರೆ ಹದವಾದ ಹುಳಿಯಲ್ಲೇ ಪಾತ್ರೆ ಖಾಲಿಯಾಗುತ್ತದೆ. ಜನ ಇಲ್ಲದ ಹೋಟೆಲಿನಲ್ಲಿ ಅದೇ ಹಿಟ್ಟು ಸಂಜೆಗೆ ಹುಳಿಹುಳಿಯಾಗಿ, ಫ್ರಿಜ್ಜಿಗೆ ಹೋಗಿ, ಮಾರನೇ ದಿನ ಹೊಸ ಹಿಟ್ಟಿನ ಜೊತೆ ಸೇರಿಕೊಳ್ಳುತ್ತದೆ. ಅಲ್ಲಿ ಕಾವಲಿಗೂ ಒಂದೇ ಬಿಸಿ ನಿಲ್ಲುವುದಿಲ್ಲ, ಒಂದು ದೋಸೆ ಬೆಳ್ಳಗೆ, ಇನ್ನೊಂದು ಕರಿ.

ಮಾಣಿ ಮೊಣಕೈವರೆಗೂ ತಟ್ಟೆ ಪೇರಿಸಿಕೊಂಡು ಬರುವುದನ್ನು ನೀನು ಪ್ರದರ್ಶನ ಅಂದೆ. ಫೋಟೋ ತೆಗೆಯುವವರು ಅದನ್ನು ಪ್ರದರ್ಶನ ಮಾಡಿರಬಹುದು. ಅವನಿಗೆ ಮಾತ್ರ ಅದು ಕೆಲಸ. ಒಂದು ಸಾಲಿನ ದೋಸೆ ಒಟ್ಟಿಗೆ ಏಳುತ್ತದೆ, ಒಟ್ಟಿಗೇ ಮೇಜು ಸೇರಬೇಕು. ಎರಡೆರಡೇ ತಟ್ಟೆ ಹಿಡಿದು ಓಡಾಡಿದರೆ ಕೊನೆಯವನಿಗೆ ಮೆತ್ತಗಾದ ದೋಸೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಆ ದಪ್ಪ ದೋಸೆಗೆ ನೀರಾಗಿ ಕಲಸಿದ ಚಟ್ನಿ. ಸಾಂಬಾರ್ ಕೊಡುವುದಿಲ್ಲ, ಬೇಕಾಗಿಯೂ ಇಲ್ಲ. 1965ರಲ್ಲಿ ಶುರುವಾದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಕೂಡ ಸಾಂಬಾರಿನ ಗೊಡವೆಗೆ ಹೋಗುವುದಿಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಮೇಲೆ ಬೇಕಾದಷ್ಟು ಚಟ್ನಿ. ನಾಲ್ಕೇ ತಿಂಡಿ ಮಾಡುವವನ ಕೈ ತಪ್ಪುವುದು ಕಷ್ಟ. ಹಳೇ ಹೋಟೆಲುಗಳಲ್ಲಿ ಹೆಸರು ಉಳಿಸಿಕೊಂಡವನ್ನು ನೋಡು, ಬಹುಪಾಲು ಹೀಗೆ ಪಟ್ಟಿ ಚಿಕ್ಕದಿಟ್ಟುಕೊಂಡವೇ.

ಎಂಟಿಆರ್ ಬಗ್ಗೆ ನೀನು ಬರೆದದ್ದು ಓದಿ ಬೇಸರವಾಯಿತು. ‘ಪ್ಯಾಕೆಟ್ ಕಂಪನಿಯಾದ ಮೇಲೆ ರುಚಿ ಎಲ್ಲಿ’ ಅಂದಿದ್ದೀಯ. ಪ್ಯಾಕೆಟ್ ವ್ಯಾಪಾರವನ್ನು 2007ರಲ್ಲಿ ನಾರ್ವೆಯ ಆರ್ಕ್ಲಾ ಕಂಪನಿ ಕೊಂಡುಕೊಂಡಿತು. ಹೋಟೆಲು ಅದನ್ನು ಶುರುಮಾಡಿದ ಮಯ್ಯರ ಮನೆತನದಲ್ಲೇ ಉಳಿಯಿತು. ಅಂಗಡಿಯಲ್ಲಿ ತಂದ ಪುಡಿಯ ರುಚಿ ಹಿಡಿದು ಲಾಲ್‌ಬಾಗ್ ರಸ್ತೆಯ ಅಡುಗೆಮನೆಯನ್ನು ಅಳೆಯುವುದು ನ್ಯಾಯವಲ್ಲ. ಆ ಅಡುಗೆಮನೆಗೆ ಹೆಸರು ಸುಮ್ಮನೆ ಬಂದದ್ದೂ ಅಲ್ಲ. 1924ರಲ್ಲಿ ಶುರುವಾದ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೇ ಹೋದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ ತುಪ್ಪ ಕಡಿಮೆ ಮಾಡಿ ದಿನ ದೂಡಬಹುದಿತ್ತು. ಅವರು ಹಾಗೆ ಮಾಡದೆ ದಿನದ ನಷ್ಟ ಎಷ್ಟೆಂದು ಬೋರ್ಡಿನಲ್ಲಿ ಬರೆದು ಹಾಕಿದರು, ಕೊನೆಗೆ ಕೆಲವು ಕಾಲ ಹೋಟೆಲನ್ನೇ ಮುಚ್ಚಿದರು. ಹುಡಿ, ಮಿಕ್ಸ್‌ಗಳ ವ್ಯಾಪಾರ ಬೆಳೆದದ್ದು ಆಗ. ರುಚಿ ಕೆಡಿಸಿ ಬಾಗಿಲು ತೆರೆದಿಡುವುದಕ್ಕಿಂತ ಬಾಗಿಲು ಹಾಕುವುದೇ ಮೇಲು ಅಂದುಕೊಂಡವರ ಬಗ್ಗೆ ನನಗಂತೂ ಗೌರವ ಇದೆ.

ನಿನ್ನ ಮಾತು ನಾನು ಒಪ್ಪುವುದು ಬ್ರಾಂಚುಗಳ ವಿಷಯಕ್ಕೆ. ಹೋದ ವರ್ಷ ಒಂದು ಹೆಸರುವಾಸಿ ಹೋಟೆಲಿನ ಹೊಸ ಬ್ರಾಂಚಿನಲ್ಲಿ ತಿಂದೆ. ಹೆಸರು ಬರೆಯುವುದಿಲ್ಲ. ಬೋರ್ಡು ಅದೇ, ತಟ್ಟೆ ಅದೇ, ಗೋಡೆ ಮೇಲೆ ಹಳೇ ಫೋಟೋ ಕೂಡ. ಮೆನುವಿನಲ್ಲಿ ಗೋಬಿ ಮಂಚೂರಿಯಿಂದ ಪನೀರ್ ದೋಸೆವರೆಗೆ ಎಲ್ಲವೂ ಇತ್ತು. ಪಲ್ಯ ತಣ್ಣಗಿತ್ತು, ಸಾಂಬಾರ್ ಬರೀ ಸಿಹಿ. ನಾಲ್ಕು ಮೇಜಿನಲ್ಲಿ ಮಾತ್ರ ಜನ. ಅಂಥ ಕಡೆ ನಿರಾಸೆಯಾದರೆ ಆ ಸಿಟ್ಟನ್ನು ಮೂಲ ಹೋಟೆಲಿನ ಮೇಲೆ ಹಾಕಬೇಡ. ಮೈಸೂರಿನಲ್ಲೂ ಇದೇ ಗೊಂದಲ. ನಜರ್‌ಬಾದಿನಲ್ಲಿ ಮೈಲಾರಿ ಅನ್ನುವ ಹೆಸರಿನ ಹೋಟೆಲು ಒಂದಕ್ಕಿಂತ ಹೆಚ್ಚಿವೆ. ಬೆಣ್ಣೆ ಹಾಕಿದ ಆ ಮೆದು ದೋಸೆ ಹುಡುಕಿಕೊಂಡು ಹೋದವರು ಮೊದಲು ಕಂಡ ಬೋರ್ಡಿಗೇ ನುಗ್ಗಿ, ಆಮೇಲೆ ಜಗಳ ಮಾಡುತ್ತಾರೆ.

ಕಾಫಿಯ ವಿಷಯಕ್ಕೆ ಬಂದರೆ ನನ್ನ ನಾಲಿಗೆ ಸ್ವಲ್ಪ ಕಠಿಣ, ಬೆಳೆಯುವವನು ನೋಡು. ಚಿಕೋರಿ ಬೇರಿನ ಪುಡಿ ಬೆರೆಸುವುದೇ ಅಪರಾಧ ಅಂತ ನಾನು ಹೇಳುವುದಿಲ್ಲ, ಹಳೇ ಹೋಟೆಲುಗಳ ಕಾಫಿಯ ಬಣ್ಣ, ಮಂದ ಎರಡಕ್ಕೂ ಅದರ ಪಾಲಿದೆ. ಆದರೆ ಕಾನೂನು ಪುಡಿಯಲ್ಲಿ ಶೇಕಡ 49ರವರೆಗೆ ಚಿಕೋರಿಗೆ ಅವಕಾಶ ಕೊಟ್ಟಿದೆ, ಅಷ್ಟು ಹಾಕಿದರೆ ನಮ್ಮ ಅರೇಬಿಕಾ ಕಾಫಿಯ ಪರಿಮಳ ಹುಡುಕಿದರೂ ಸಿಗುವುದಿಲ್ಲ. 2024-25ರಲ್ಲಿ ಕಾಫಿ ಧಾರಣೆ ಹಿಂದೆಂದೂ ಕಾಣದಷ್ಟು ಏರಿದಾಗ ನಮಗೆ ಇಲ್ಲಿ ಖುಷಿ, ಹೋಟೆಲಿನವರಿಗೆ ಅಲ್ಲಿ ಪರೀಕ್ಷೆ. ಹೋಟೆಲನ್ನು ಅಳೆಯಲು ನನಗೆ ಅದರ ಡಿಕಾಕ್ಷನ್ ಸಾಕು. ಆಗ ತಾನೇ ಇಳಿದದ್ದೋ, ಬೆಳಿಗ್ಗೆ ಇಳಿಸಿ ಮತ್ತೆ ಮತ್ತೆ ಕಾಯಿಸಿದ್ದೋ, ಮೂಗಿಗೇ ಗೊತ್ತಾಗುತ್ತದೆ. ಇಲ್ಲೂ ಲೆಕ್ಕ ಅದೇ, ಜನ ಇರುವ ಕಡೆ ಡಿಕಾಕ್ಷನ್ ನಿಲ್ಲುವುದಿಲ್ಲ.

ಈಗ ನಮ್ಮ ಮಡಿಕೇರಿಗೆ ಬಾ. ಇಲ್ಲಿನ ಹೋಟೆಲುಗಳ ಸಂಕಟ ಬೇರೆ. ಶನಿವಾರ, ಭಾನುವಾರ, ದಸರಾ, ತುಲಾ ಸಂಕ್ರಮಣ ಬಂತೆಂದರೆ ಕಾಲಿಡಲು ಜಾಗ ಇಲ್ಲ. ಮಂಗಳವಾರ ಹೋದರೆ ನೊಣ ಹೊಡೆಯುತ್ತಿರುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ತಿಂಗಳುಗಟ್ಟಲೆ ಪ್ರವಾಸಿಗರೇ ಇರಲಿಲ್ಲ. ಹೀಗೆ ಒಮ್ಮೆ ನೆರೆ, ಒಮ್ಮೆ ಬರ ಇರುವ ಕಡೆ ಅಡುಗೆ ಒಂದೇ ಹದದಲ್ಲಿ ಇರಲಿ ಅಂದರೆ ಹೇಗೆ? ಪಂದಿಕರಿ, ಅಂದರೆ ಹಂದಿ ಮಾಂಸದ ಸಾರೇನೋ, ಒಂದು ರಾತ್ರಿ ಕಳೆದರೆ ಇನ್ನೂ ರುಚಿ, ಅದು ತಡೆದುಕೊಳ್ಳುತ್ತದೆ. ಅಕ್ಕಿ ತರಿಯ ಉಂಡೆ ಕಡಂಬುಟ್ಟು ತಡೆಯುವುದಿಲ್ಲ, ಹಬೆಯಿಂದ ತೆಗೆದು ಬಿಸಿಬಿಸಿ ತಿನ್ನಬೇಕು. ಆರಿ ಗಟ್ಟಿಯಾದದ್ದನ್ನು ಮತ್ತೆ ಬಿಸಿಮಾಡಿ ಕೊಟ್ಟರೆ ಪ್ರವಾಸಿಗ ಇದೇ ಕೊಡವರ ಅಡುಗೆ ಅಂದುಕೊಂಡು ಹೋಗುತ್ತಾನೆ.

ಅದಕ್ಕಿಂತ ನೋಯಿಸುವುದು ಪಂದಿಕರಿಗೆ ಹಾಕುವ ಹುಳಿಯ ವಿಷಯ. ಈಗ ಮಳೆಯಲ್ಲಿ ಕಾಚಂಪುಳಿ ಹಣ್ಣು ಉದುರುವ ಸಮಯ. ಆರಿಸಿ ತಂದು ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗೆ ಪಾತ್ರೆ ಇಟ್ಟರೆ ರಸ ತೊಟ್ಟುತೊಟ್ಟಾಗಿ ಇಳಿಯುತ್ತದೆ. ಅದನ್ನು ಒಲೆಯ ಮೇಲೆ ಬತ್ತಿಸಿ ಬತ್ತಿಸಿ ಕಾಡಿಗೆಯಷ್ಟು ಕಪ್ಪಾಗಿಸಬೇಕು. ಬುಟ್ಟಿ ತುಂಬ ಹಣ್ಣು ಹಾಕಿದರೂ ಕೊನೆಗೆ ಕೈಗೆ ಸಿಗುವುದು ಕಡಿಮೆಯೇ, ಹಾಗಾಗಿ ಬೆಲೆ ಜಾಸ್ತಿ. ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ನನಗೆ ಬಡಿಸಿದ ಪಂದಿಕರಿಯಲ್ಲಿ ಇದ್ದದ್ದು ಬಿಳಿ ವಿನೆಗರ್, ಬಣ್ಣಕ್ಕೆ ಏನೋ ಪುಡಿ. ಅರ್ಧಕ್ಕೇ ಕೈ ತೊಳೆದೆ. ನಮ್ಮ ಅಡುಗೆಗೆ ಹೆಸರು ಬಂದದ್ದು ಮನೆಗಳಿಂದ, ಮದುವೆ, ಹಬ್ಬಗಳಾದ ಪುತ್ತರಿ, ಕೈಲ್‌ಪೊಳ್ದಿನ ಊಟದಿಂದ. ಹೋಟೆಲು ಆ ಹೆಸರನ್ನು ಕಡ ತಂದು ನಡೆಸುತ್ತಿದೆ. ಕಡ ತಂದವರಿಗೆ ಜವಾಬ್ದಾರಿ ಇನ್ನೂ ಹೆಚ್ಚಿರಬೇಕಿತ್ತು. ಹುರಿದ ಕರಿಮೆಣಸು, ಜೀರಿಗೆಯ ಘಮದಲ್ಲೇ ಸತ್ಯ ಗೊತ್ತಾಗುವಂತೆ ಮಾಡುವವರೂ ಊರೊಳಗೆ ಇದ್ದಾರೆ. ನೀನು ಬಂದಾಗ ಕರೆದುಕೊಂಡು ಹೋಗುತ್ತೇನೆ.

ಇನ್ನೊಂದು ಮಾತು. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 1954ರಿಂದ ನಡೆದು 2023ರ ಡಿಸೆಂಬರಿನಲ್ಲಿ ಮುಚ್ಚಿತು. ಕೊನೆಯವರೆಗೂ ಜನ ಬರುತ್ತಿದ್ದರು, ಗ್ರೀನ್ ಮಸಾಲಾ ಇಡ್ಲಿ ಕೇಳುತ್ತಿದ್ದರು. ಇಂಥ ಹೋಟೆಲು ಒಮ್ಮೆ ಹೋದರೆ ಅಲ್ಲಿನ ಇಡ್ಲಿಯನ್ನು ಹಾಗೇ ಬೇರೆ ಕಡೆ ಮಾಡಿಕೊಡುವವರು ಯಾರೂ ಇರುವುದಿಲ್ಲ. ಅದಕ್ಕೇ ನಿನ್ನ ಹತ್ತಿರ ಇಷ್ಟು ವಾದ ಮಾಡುತ್ತಿರುವುದು. ರುಚಿ ಕೆಟ್ಟಿದ್ದರೆ ಕೌಂಟರಿನಲ್ಲಿ ಕೂತವರಿಗೇ ಹೇಳು, ಹಳಬರು ಕೇಳಿಸಿಕೊಳ್ಳುತ್ತಾರೆ. ಚೆನ್ನಾಗಿದ್ದರೆ ಮತ್ತೆ ಹೋಗು, ಕ್ಯೂ ನಿಲ್ಲು.

ಮಳೆ ಬಿಟ್ಟ ಮೇಲೆ ಇಲ್ಲಿಗೆ ಬಾ. ವಾರಾಂತ್ಯ ಬೇಡ, ವಾರದ ಮಧ್ಯೆ ಬಾ. ಬರುವ ಮುಂಚೆ ಗಾಂಧಿ ಬಜಾರಿಗೆ ಇನ್ನೊಂದು ಸಲ ಹೋಗಿ, ಒಂದು ಮಸಾಲೆ ತಿಂದು, ಹೇಗಿತ್ತು ಅಂತ ಬರೆ. ಶುಕ್ರವಾರ ಮಾತ್ರ ಹೋಗಬೇಡ, ರಜೆ.

ಇಂತಿ ನಿನ್ನ,
ಸುಂಟಿಕೊಪ್ಪದ ಗೆಳೆಯ