ಗುಡ್ಡದ ಮೇಲೆ ನಿಂತಿದ್ದವನು ನೀನು

ಲೋ ಮಂಜ,

ಇದನ್ನು ವಾಟ್ಸಾಪಲ್ಲಿ ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಸುಳ್ಳು ಹೇಳಿದ್ದು ನಾಲ್ಕು ಜನರ ಮುಂದೆ, ಒಪ್ಪಿಕೊಳ್ಳುವುದೂ ಅವರ ಮುಂದೆಯೇ ಇರಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ಕುಕ್ಕರ್ ವಿಷಯ ಎತ್ತಬೇಡ, ಅದು ಬೇರೆ ಕೇಸು.

ಮೊನ್ನೆ ಸೆಪ್ಟೆಂಬರ್ 11ಕ್ಕೆ, ನ್ಯೂಯಾರ್ಕಿನ ಎದುರು ದಡದ ಹೊಬೋಕನ್‌ಗೆ ಹೋಗಿದ್ದೆ. ಕಾಲೇಜಿನ ಗುಡ್ಡದ ಮೇಲೆ, ಹಡ್ಸನ್ ನದಿ ಕಾಣುವ ಆ ಕಂಬಿಗಳ ಹತ್ತಿರ, ಹಳಬರು ಹೊಸಬರು ಒಂದಷ್ಟು ಜನ ಸೇರಿದ್ದರು. 2001ರಲ್ಲಿ ಮೊದಲ ವಿಮಾನ ವರ್ಲ್ಡ್ ಟ್ರೇಡ್ ಸೆಂಟರಿನ ನಾರ್ತ್ ಟವರ್‌ಗೆ ಬಡಿದ ಹೊತ್ತು, 8:46ಕ್ಕೆ, ಎಲ್ಲರೂ ಸುಮ್ಮನೆ ನಿಂತೆವು. ಎದುರಿಗೆ ಈಗಿನ ಒನ್ ವರ್ಲ್ಡ್ ಟ್ರೇಡ್ ಸೆಂಟರ್ ಹೊಳೆಯುತ್ತಿತ್ತು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೂ ಕಣ್ಣು ಅದರ ಅಕ್ಕಪಕ್ಕವೇ ಹುಡುಕುತ್ತೆ ಮಾರಾಯ. ನಮ್ಮ ಅಡುಗೆಮನೆ ಕಿಟಕಿಯಿಂದ, ಎರಡು ಮನೆಗಳ ಸಂದಿಯಲ್ಲಿ, ನಾರ್ತ್ ಟವರಿನ ಆಂಟೆನಾ ಮತ್ತು ಮೇಲಿನ ಒಂದಿಷ್ಟು ಮಹಡಿ ಕಾಣುತ್ತಿತ್ತು, ನೆನಪಿದೆಯಾ? 110 ಮಹಡಿಯ ಕಟ್ಟಡ ನಮ್ಮ ಪಾಲಿಗೆ ಒಂದು ಗೇಣು. ಅದು ಮೋಡದಲ್ಲಿ ಮುಚ್ಚಿಹೋಗಿದ್ದರೆ ಛತ್ರಿ ತಗೋ, ಇಲ್ಲಾಂದ್ರೆ ಬೇಡ. ಮ್ಯಾನ್‌ಹಟನ್‌ನಲ್ಲಿ ಸಬ್‌ವೇಯಿಂದ ಮೇಲೆ ಬಂದು ದಿಕ್ಕು ತೋಚದೆ ನಿಂತಾಗ ನೀನು ತಲೆಯೆತ್ತಿ "ಅಗೋ, ಅದು ದಕ್ಷಿಣ" ಅನ್ನುತ್ತಿದ್ದೆ. ಸೌತ್ ಟವರಿನ 107ನೇ ಮಹಡಿಗೆ ಹತ್ತಿ ನೋಡೋಣ ಅಂದರೆ ಟಿಕೆಟ್ ದುಬಾರಿ, ಮುಂದಿನ ತಿಂಗಳು ಅಂತ ಅಂದುಕೊಂಡೇ ಇದ್ದೆವು.

ಮೌನ ಮುಗಿದ ಮೇಲೆ ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು, 2004ರಲ್ಲಿ ಹುಟ್ಟಿದವಳಂತೆ, "ಸರ್, ಅವತ್ತು ನೀವು ಇಲ್ಲೇ ಇದ್ರಂತಲ್ರೀ" ಅಂದಳು. ಶುರು ಮಾಡಿದೆ ನೋಡು. ಹೊಡೆತ ಮೊದಲು ತಿಂದದ್ದು ನಾರ್ತ್ ಆದರೂ 9:59ಕ್ಕೆ ಮೊದಲು ಬಿದ್ದದ್ದು ಸೌತ್. 10:28ಕ್ಕೆ ನಾರ್ತ್ ಹೋಗುವಾಗ ಆಂಟೆನಾ ಅಲುಗಾಡಿ ಕೆಳಗಿಳಿಯಿತು, ಶಬ್ದ ಆಮೇಲೆ, ನಿಧಾನಕ್ಕೆ ನದಿ ದಾಟಿ ಬಂತು, ಪಕ್ಕದಲ್ಲಿದ್ದ ಹೆಂಗಸು ನನ್ನ ತೋಳು ಹಿಡಿದುಕೊಂಡು ಬಿಡಲೇ ಇಲ್ಲ. ಹುಡುಗಿ ಕಣ್ಣು ಒರೆಸಿಕೊಂಡಳು.

ಆ ಹೆಂಗಸು ಹಿಡಿದಿದ್ದು ನಿನ್ನ ತೋಳು ಕಣೋ.

ನಾನು ಮಲಗಿದ್ದೆ. ಸೋಮವಾರ ರಾತ್ರಿಯೆಲ್ಲ ಅಸೈನ್‌ಮೆಂಟ್ ಬರೆದು ಬೆಳಗ್ಗೆ ಐದಕ್ಕೆ ಬಿದ್ದುಕೊಂಡವನು, ಹನ್ನೊಂದಕ್ಕೆ ನೀನು ಬಂದು ಬಾಗಿಲು ಒದ್ದಾಗಲೇ ಎದ್ದದ್ದು. ಎಷ್ಟು ವರ್ಷದಿಂದ ನಿನ್ನ ಕಣ್ಣನ್ನು ಹಾಕಿಕೊಂಡು ತಿರುಗುತ್ತಿದ್ದೇನೋ ಗೊತ್ತಿಲ್ಲ. ಮೊದಮೊದಲು "ನಮ್ಮ ಮಂಜ ನೋಡಿದ" ಅನ್ನುತ್ತಿದ್ದೆ. ಯಾವಾಗಲೋ ಮಂಜ ಬಿದ್ದುಹೋದ.

ನಾನು ನಿಜಕ್ಕೂ ಕಂಡದ್ದು ಮಧ್ಯಾಹ್ನ, ದೋಣಿಕಟ್ಟೆಯಲ್ಲಿ. ಆಚೆ ದಡದಿಂದ ಫೆರಿಗಳಲ್ಲಿ ಜನ ಬರುತ್ತಿದ್ದರು, ಅವರ ಮೇಲೆ ಪೈಪಿನಲ್ಲಿ ನೀರು ಬಿಟ್ಟು ಧೂಳು ತೊಳೆಯುತ್ತಿದ್ದರು. ಕೋಟು ಹಾಕಿದ್ದ ಒಬ್ಬರಿಗೆ ಬಾಟಲಿ ಕೊಟ್ಟೆ. ಅವರು ಕುಡಿಯಲಿಲ್ಲ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬೀಗದ ಮೇಲೆ ಮಾತ್ರ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಹೆಬ್ಬೆರಳಲ್ಲಿ ಉಜ್ಜುತ್ತಾ ಕೂತರು. ಇದನ್ನು ಯಾರಿಗೂ ಹೇಳುವುದಿಲ್ಲ. ಇದರಲ್ಲಿ ಟವರ್ ಬೀಳುವುದಿಲ್ಲವಲ್ಲ.

ಇಲ್ಲಿಗೇ ನಿಲ್ಲಿಸಬೇಕು ಅಂತ ಕೂತಿದ್ದೆ. ಆದರೆ ಇನ್ನೊಂದಿದೆ. ಅವತ್ತು ಬೆಳಗ್ಗೆ ಫೋನ್ ಬಡಿದುಕೊಂಡಿತು. ಎರಡು ಸಲ. ನಾನು ನಿದ್ದೆಗಣ್ಣಲ್ಲೇ ಗೋಡೆಯಿಂದ ವೈರ್ ಕಿತ್ತೆ. ಅದು ನೆನಪಾಗಿ ವಾಪಸ್ ಚುಚ್ಚಿದಾಗ ನಮ್ಮಲ್ಲಿ ಮೂರು ಗಂಟೆ, ಚನ್ನರಾಯಪಟ್ಟಣದಲ್ಲಿ ರಾತ್ರಿ ಹನ್ನೆರಡೂವರೆ. ಟವರ್ ಮುಂದೆ ನಿಂತು ತೆಗೆಸಿಕೊಂಡ ನಿನ್ನ ಫೋಟೋ ಕೈಯಲ್ಲಿ ಹಿಡಿದು, ಊಟ ಬಿಟ್ಟು, ನಿಮ್ಮಮ್ಮ ಅಷ್ಟು ಹೊತ್ತೂ ನಂಬರ್ ಒತ್ತುತ್ತಲೇ ಇದ್ದರಂತೆ. ಲೈನ್ ಜಾಮ್ ಆಗಿತ್ತು ಅಂತ ನೀನು ಸಮಾಧಾನ ಹೇಳಿದೆ. ಪಕ್ಕದಲ್ಲೇ ನಿಂತಿದ್ದ ನಾನು "ಹೂಂ, ಎಲ್ಲರದ್ದೂ ಅದೇ ಕಥೆ" ಅಂತ ದನಿಗೂಡಿಸಿದೆ. ಜಾಮ್ ಆಗಿದ್ದದ್ದೂ ನಿಜವೇ ಬಿಡು. ನಾನು ಇಷ್ಟು ವರ್ಷ ಹಿಡಿದುಕೊಂಡು ನೇತಾಡಿದ್ದು ಅದನ್ನೇ. 2,977 ಜನ ಸತ್ತ ದಿನ, ಈ ವೈರಿನದ್ದೊಂದು ದೊಡ್ಡ ವಿಷಯವಾ ಅಂತ. ಅಮ್ಮ ಇದ್ದಾಗ ಪ್ರತಿ ಸಲ ಊರಿಗೆ ಬಂದಾಗಲೂ ಹೇಳೋಣ ಅಂದುಕೊಳ್ಳುತ್ತಿದ್ದೆ. ಅವರು ಇನ್ನೆರಡು ಹೋಳಿಗೆ ಹಾಕಿಬಿಡೋರು.

ಸಾಕು, ಜಾಸ್ತಿ ಆಯ್ತು. ಲೈಕ್ ಒತ್ತೋರು ಒತ್ತಲಿ, ನೀನು ಮಾತ್ರ ಹೃದಯದ ಚಿಹ್ನೆ ಹಾಕಬೇಡ, ಅಸಹ್ಯ. ಬೈಯೋದಿದ್ದರೆ ಫೋನ್ ಮಾಡು, ಈಗ ಕೀಳೋಕೆ ವೈರೂ ಇಲ್ಲ. ಮುಂದಿನ ಸೆಪ್ಟೆಂಬರಿಗೆ ಬಂದು ಆ ಹುಡುಗಿಗೆ ನೀನೇ ಹೇಳು, ನಾನು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದುಕೊಂಡು ನಿಂತಿರುತ್ತೇನೆ.

ಮತ್ತೆ, ಕುಕ್ಕರಿನ ಗ್ಯಾಸ್ಕೆಟ್ ಕಳೆದದ್ದು ನಾನಲ್ಲ. ಅದೊಂದನ್ನು ಒಪ್ಪುವುದಿಲ್ಲ.

ನಿನ್ನ,
ಮಲಗಿದ್ದವನು