ಕಿವಿಯೊಳಗಿನ ಜೀರುಂಡೆಗೆ ಒಂದು ವರ್ಷ

ಕಳೆದ ಮೇ ತಿಂಗಳು, ಮದುವೆ ಸೀಸನ್. ಬ್ಲೌಸಿನ ರಾಶಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮಿಷನ್ ನಿಲ್ಲಿಸಿದೆ. ಹೊರಗೆ ಜೀರುಂಡೆ ಕೂಗುತ್ತಿದೆ ಅಂದುಕೊಂಡೆ. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ತೋಟಗಳಲ್ಲಿ ಮಳೆಗೆ ಮುಂಚೆ ಅದು ಮಾಮೂಲು, ಅಲ್ವಾ? ಕಿಟಕಿ ಮುಚ್ಚಿದೆ. ಶಬ್ದ ನಿಲ್ಲಲಿಲ್ಲ. ಇವರನ್ನು ಎಬ್ಬಿಸಿ ಕೇಳಿದೆ, ನಿಮಗೆ ಕೇಳಿಸ್ತದಾ ಅಂತ. ಇಲ್ಲ ಎಂದರು. ಆಮೇಲೆ ಎದ್ದು ಕೂತು, "ನಿನಗೆ ಕೇಳಿಸ್ತದೆ ಅಂದ್ರೆ ಇರಬೇಕು, ನಾಳೆ ತೋರಿಸೋಣ" ಎಂದರು. ಈ ಬರಹದ ಮೊದಲ ಥ್ಯಾಂಕ್ಸ್ ಅವರಿಗೇ. ಬೇರೆ ಯಾರಿಗೂ ಕೇಳದ ಶಬ್ದವನ್ನು ಒಬ್ಬರಾದರೂ ನಂಬಿದರೆ ಎಷ್ಟು ಧೈರ್ಯ ಬರುತ್ತದೆ ಎನ್ನುವುದು ನನಗೆ ಆ ರಾತ್ರಿ ಗೊತ್ತಾಯಿತು.

ಮೊದಲ ಎರಡು ತಿಂಗಳು ಕಷ್ಟದ್ದು. ಒಬ್ಬರು ಡಾಕ್ಟರು ಎರಡೇ ನಿಮಿಷದಲ್ಲಿ, ಇದಕ್ಕೆ ಮದ್ದಿಲ್ಲ, ಸಹಿಸಿಕೊಳ್ಳಿ ಎಂದು ಕಳಿಸಿಬಿಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅತ್ತಿದ್ದೇನೆ. ನಿದ್ದೆ ಇಲ್ಲ, ಸಿಟ್ಟು ಜಾಸ್ತಿ, ಮಕ್ಕಳ ಮೇಲೆ ಸುಮ್ನೆ ರೇಗುವುದು. ಕರೆಂಟು ಹೋಗಿ ಫ್ಯಾನ್ ನಿಂತರಂತೂ ತಲೆ ತುಂಬಾ ಅದೇ ಶಬ್ದ.

ಆಮೇಲೆ ಮಂಗಳೂರಿಗೆ ಹೋದೆವು. ಅಲ್ಲಿನ ಕಿವಿ ಡಾಕ್ಟರಮ್ಮನಿಗೆ ನನ್ನ ಕೈಮುಗಿತ. ಅವರು ಕಿವಿ ನೋಡಿ, ಕೇಳುವ ಪರೀಕ್ಷೆ ಮಾಡಿಸಿದರು. 4000 ಹರ್ಟ್ಸ್‌ನಿಂದ (ಸ್ವರ ಎಷ್ಟು ಏರು ಎನ್ನುವ ಅಳತೆ) ಮೇಲಿನ ಏರುಸ್ವರಗಳು ನನಗೆ ಸ್ವಲ್ಪ ಕಮ್ಮಿ ಕೇಳಿಸುತ್ತಿದ್ದವು. ಆಮೇಲೆ ಹಲ್ಲು ಕಚ್ಚಿ ಹಿಡಿಯಿರಿ ಎಂದರು. ಶಬ್ದ ಏರಿತು! ಕುತ್ತಿಗೆ ಎಡಕ್ಕೆ ತಿರುಗಿಸಿ, ಹಣೆಯಿಂದ ತಮ್ಮ ಕೈಯನ್ನು ತಳ್ಳಲು ಹೇಳಿದರು, ಆಗ ಅದು ಇನ್ನೂ ತೆಳ್ಳಗೆ, ಸಿಳ್ಳೆಯ ಹಾಗಾಯಿತು. ಕಿವಿಯಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಒಂದು ಜಂಕ್ಷನ್ ಇದೆ, ಅಲ್ಲಿಗೆ ಕುತ್ತಿಗೆಯ ಮತ್ತು ದವಡೆಯ ನರಗಳ ಸುದ್ದಿಯೂ ಬಂದು ಸೇರುತ್ತದೆ ಎಂದು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಆದರೆ ಕುತ್ತಿಗೆಯೇ ಕಾರಣ ಎಂದು ಅವರು ಹೇಳಲಿಲ್ಲ. ಟಿನಿಟಸ್, ಅಂದರೆ ಹೊರಗೆ ಇಲ್ಲದ ಶಬ್ದ ಕಿವಿಯಲ್ಲಿ ಕೇಳಿಸುವ ತೊಂದರೆ, ಇರುವ ತುಂಬಾ ಜನರಲ್ಲಿ ಹೀಗೆ ಶಬ್ದ ಬದಲಾಗುತ್ತದೆ, ನಿಮ್ಮಲ್ಲಿ ಕುತ್ತಿಗೆಯ ಪಾಲೂ ಇರಬಹುದು, ಮೂರು ತಿಂಗಳು ಕುತ್ತಿಗೆಯ ವ್ಯಾಯಾಮ ಮಾಡಿ ನೋಡೋಣ ಎಂದರು. ಆ 'ಇರಬಹುದು' ನನಗೆ ಸಾಕಾಯಿತು.

ಹದಿನೆಂಟು ವರ್ಷದಿಂದ ತಲೆ ಬಗ್ಗಿಸಿ ಹೊಲಿಯುತ್ತಿದ್ದೇನೆ. ತಲೆಯ ಭಾರ ಸುಮಾರು 5 ಕಿಲೋ ಅಂತೆ, ಅದನ್ನು ದಿನವಿಡೀ ಮುಂದಕ್ಕೆ ನೇತುಹಾಕಿ ಕೂತವಳು ನಾನು!

ವ್ಯಾಯಾಮ ಹೇಳಿಕೊಟ್ಟ ಕಾಸರಗೋಡಿನ ಫಿಸಿಯೋಥೆರಪಿ ಹುಡುಗಿಗೆ ಕನ್ನಡ ಬರುವುದಿಲ್ಲ, ನನ್ನ ಮಲಯಾಳ ಬಸ್ಸಿಗೆ ಸಾಕಾಗುವಷ್ಟು ಮಾತ್ರ. ಕಿವಿಯಲ್ಲಿ ಗುಂಯ್‌ಗುಡುವುದಕ್ಕೆ "ಚೆವಿಯಿಲ್ ಮೂಳಲ್" ಎಂದು ಅವಳೇ ಹೇಳಿಕೊಟ್ಟಳು. ಕಿವಿಯ ಹಿಂದಿನಿಂದ ಕೊರಳೆಲುಬಿನವರೆಗೆ ಇಳಿಯುವ ಸ್ನಾಯುವನ್ನು ಎರಡು ಬೆರಳಲ್ಲಿ ಹಿಡಿದು ನಿಧಾನ ಒತ್ತಿದಾಗ ಅದು ಹಗ್ಗದ ಹಾಗೆ ಬಿಗಿದಿತ್ತು. ಗದ್ದ ಹಿಂದಕ್ಕೆ ಎಳೆದು 5 ಸೆಕೆಂಡ್, 10 ಸಲ. ಭುಜದ ಹಲಗೆ ಹಿಂದಕ್ಕೆ, 10 ಸಲ. ಅರ್ಧ ಗಂಟೆಗೊಮ್ಮೆ ಏಳಬೇಕು. ರಾತ್ರಿ ಪೂರ್ತಿ ಮೌನದಲ್ಲಿ ಮಲಗಬಾರದು, ಸಣ್ಣಗೆ ಮಳೆಯ ಶಬ್ದ ಹಾಕಿಕೊಳ್ಳಬೇಕು. ಇವಳು ನನ್ನನ್ನು ಒಮ್ಮೆಯೂ ಅವಸರಪಡಿಸಲಿಲ್ಲ. ಮೋಳೇ (ಮಗಳೇ), ನಿನಗೆ ಒಳ್ಳೆಯದಾಗಲಿ.

ಪಕ್ಕದ ಮನೆಯ ಅಣ್ಣ ಮಿಷನ್ ಟೇಬಲ್ಲಿನ ಕಾಲಿನಡಿಗೆ ಇಡಲು ಹಲಸಿನ ಮರದ ತುಂಡು ಕೊಯ್ದು ತಂದರು, ಮೂರು ಇಂಚಿನದ್ದು. ಟೇಬಲ್ ಎತ್ತರಕ್ಕೆ ಬಂತು, ನನ್ನ ತಲೆಯೂ ಎದ್ದಿತು. ಮೊದಲ ದಿನ ಹೊಲಿಗೆ ವಕ್ರವಾಯಿತು. ಒಂದು ವಾರದಲ್ಲಿ ಕೈ ಒಗ್ಗಿತು. ತಡವಾದ ಬ್ಲೌಸಿಗೆ ಒಂದು ಮಾತೂ ಆಡದೆ ಕಾದ ಗಿರಾಕಿ ಅಕ್ಕಂದಿರೇ, ನಿಮ್ಮನ್ನು ಮರೆಯುವುದಿಲ್ಲ.

ಶಬ್ದ ಹೋಗಿದೆಯಾ ಎಂದು ಕೇಳುವವರಿಗೆ: ಹೋಗಿಲ್ಲ. ಈಗ ಬರೆಯುವಾಗಲೂ ಇದೆ. ಆದರೆ ಇಳಿದಿದೆ, ಎಷ್ಟೋ ಹೊತ್ತು ನೆನಪೇ ಆಗುವುದಿಲ್ಲ. ವ್ಯಾಯಾಮದಿಂದಲೋ, ನಿದ್ದೆ ಬಂದದ್ದರಿಂದಲೋ, ಹೆದರಿಕೆ ಹೋದದ್ದರಿಂದಲೋ, ಬಿಡಿಸಿ ಹೇಳಲು ಆಗದು. ಎಲ್ಲರಿಗೂ ಕುತ್ತಿಗೆಯ ಸಂಬಂಧ ಇರುವುದಿಲ್ಲ. ಒಂದೇ ಕಿವಿಯಲ್ಲಿ ಶಬ್ದ, ನಾಡಿಯ ಜೊತೆ ಡಬ್ ಡಬ್ ಎನ್ನುವುದು, ತಲೆಸುತ್ತು ಇದ್ದರೆ ತಡಮಾಡದೆ ತೋರಿಸಿ. ಕಿವಿ ಇದ್ದಕ್ಕಿದ್ದಂತೆ ಕೇಳದೆ ಹೋದರೆ ಅದೇ ದಿನ ಹೋಗಿ. ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ. ಕುತ್ತಿಗೆಯನ್ನು ಲಟಕ್ ಅನ್ನಿಸುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಮೊನ್ನೆ ರಾತ್ರಿ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಫ್ಯಾನ್ ನಿಂತಿತು. ಎಚ್ಚರವಾಗಿ ಒಂದು ಗಳಿಗೆ ಕಿವಿಗೊಟ್ಟೆ, ಮಗ್ಗುಲು ಬದಲಿಸಿದೆ. ಬೆಳಿಗ್ಗೆ ಇವರೇ ಎಬ್ಬಿಸಿದ್ದು.

ಅಣ್ಣ ಅಂದು ಎಂಟು ತುಂಡು ಕೊಯ್ದಿದ್ದರು. ನಾಲ್ಕು ಅಟ್ಟದಲ್ಲಿ ಹಾಗೇ ಇವೆ. ನಮ್ಮ ಕಡೆ ಹೊಲಿಯುವವರು ಯಾರಿಗಾದರೂ ಬೇಕಿದ್ದರೆ ಹೇಳಿ, ತೆಗೆದಿಡುತ್ತೇನೆ.