‘ಆರು’ ಕಂಡಾಗ ಕೈ ತಡೆದು ಬರೆ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ತಮಿಳು, ಮಲಯಾಳ, ತೆಲುಗಿನಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸ ಹಿಡಿದಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ಪ್ರವಾಸದ ಪುಸ್ತಿಕೆ, ಆಸ್ಪತ್ರೆಯ ಕರಪತ್ರ, ಸರ್ಕಾರಿ ಪ್ರಕಟಣೆ ಎಲ್ಲವೂ ಬರುತ್ತವಂತೆ. ಗೊತ್ತಿಲ್ಲದ ಪದ ಬಂದರೆ ನಿಘಂಟು ತೆಗೆಯುತ್ತೀಯ, ಅಲ್ಲಿ ಭಯವಿಲ್ಲ. ನಮ್ಮ ಮನೆಯ ಪದದ ಹಾಗೇ ಕೇಳಿಸುವುದು ಬಂದಾಗ ಮಾತ್ರ ಹುಷಾರಾಗಿರಬೇಕು, ಏಕೆಂದರೆ ಆಗ ಯಾರೂ ನಿಘಂಟು ತೆಗೆಯುವುದಿಲ್ಲ. ಅಂಥದ್ದೊಂದನ್ನು, ‘ಆರು’ ಎಂಬುದನ್ನು, ಹಿಡಿದು ಬರೆಯುತ್ತಿದ್ದೇನೆ.

ಮೊದಲು ನಮ್ಮದನ್ನೇ ನೋಡು. ಎಣಿಕೆಯ ಆರು ಒಂದು. ಬಟ್ಟೆ ಆರುತ್ತದೆ, ಕಾಫಿ ಆರುತ್ತದೆ, ದೀಪ ಆರುತ್ತದೆ, ಅದು ಇನ್ನೊಂದು. ಮಂಡ್ಯ, ಮೈಸೂರು ಕಡೆ ಉಳುಮೆಗೆ ‘ಆರು ಕಟ್ಟುತ್ತಾರೆ’, ಅಂದರೆ ಎತ್ತುಗಳನ್ನು ನೇಗಿಲಿಗೆ ಹೂಡುತ್ತಾರೆ. ಹಳಗನ್ನಡದಲ್ಲಿ, ದಾಸರ ಪದಗಳಲ್ಲಿ ‘ಯಾರು’ ಎನ್ನಲೂ ಆರು ಬರುತ್ತದೆ. ಹಳಗನ್ನಡ ಬರೆಯುತ್ತಿದ್ದವರಿಗೆ ಇಷ್ಟು ಗೊಂದಲ ಇರಲಿಲ್ಲ. ಎಣಿಕೆಯದ್ದನ್ನೂ ತಣಿಯುವುದನ್ನೂ ಶಕಟರೇಫೆ, ಅಂದರೆ ಱ ಎಂಬ ಹಳೆಯ ಗಟ್ಟಿ ರಕಾರ, ಹಾಕಿ ‘ಆಱು’ ಎಂದು ಬರೆಯುತ್ತಿದ್ದರು, ‘ಯಾರು’ ಎಂಬುದಕ್ಕೆ ಸಾದಾ ರೇಫೆಯ ‘ಆರ್’. ನಾವು ಱ ಬಿಟ್ಟುಬಿಟ್ಟೆವು. ತಮಿಳು, ಮಲಯಾಳಗಳು ಬಿಡಲಿಲ್ಲ. ನಿನ್ನ ಕೆಲಸದ ಅರ್ಧ ತೊಡಕು ಇದರಿಂದಲೇ ಹುಟ್ಟುತ್ತದೆ.

ತಮಿಳಿನಲ್ಲಿ ಇಡೈಯಿನ (ಮಧ್ಯಮ) ರ, ವಲ್ಲಿನ (ಗಟ್ಟಿ) ಱ ಎಂದು ಎರಡು ಅಕ್ಷರಗಳಿವೆ. ಮೂಲ ಓದುವಾಗ ಯಾವುದಿದೆ ಎಂದು ಕಣ್ಣಿಟ್ಟು ನೋಡು. ‘ಪೆರಿಯಾರ್’ ಎಂದು ನಾವು ಬರೆಯುವುದು ಎರಡು ಬೇರೆ ಪದಗಳನ್ನು. ಇ.ವಿ. ರಾಮಸ್ವಾಮಿಯವರ ಬಿರುದಿನಲ್ಲಿರುವುದು ಸಾದಾ ರ, ಅದು ಗೌರವದ ‘ಅವರು’ ಎಂಬಂಥ ಪ್ರತ್ಯಯ, ಹಿರಿಯರು ಎಂದರ್ಥ. ನದಿಯ ಹೆಸರಿನಲ್ಲಿರುವುದು ಱ. ಪೆರಿಯ ಆಱು, ಅಂದರೆ ದೊಡ್ಡ ಹೊಳೆ. ಮುಲ್ಲೈಪೆರಿಯಾರ್ ಅಣೆಕಟ್ಟಿನ ಸುದ್ದಿ ಅನುವಾದಿಸುವಾಗ ಅದು ಹೊಳೆಯ ಹೆಸರು ಎಂಬುದು ತಲೆಯಲ್ಲಿರಲಿ. ಮಲಯಾಳದಲ್ಲಿ ಇನ್ನೊಂದು ಅಪಾಯವಿದೆ: ಪದದ ಕೊನೆಯಲ್ಲಿ ಎರಡಕ್ಕೂ ಒಂದೇ ಚಿಲ್ಲಕ್ಷರ (ಸ್ವರವಿಲ್ಲದ ವ್ಯಂಜನದ ಅಕ್ಷರ), ಆದ್ದರಿಂದ ಅಲ್ಲಿ ಕಣ್ಣು ಸಹಾಯಕ್ಕೆ ಬರುವುದಿಲ್ಲ. ಕೊನೆಯಲ್ಲಿ ಸ್ವರ ಉಳಿದಿದ್ದರೆ ಮಾತ್ರ ಬರುತ್ತದೆ. ರ ಇರುವ ‘ಆರ್’ ಅಂದರೆ ಯಾರು, ಱ ಇರುವ ‘ಆಱ್’ ಅಂದರೆ ಆರು ಅಥವಾ ಹೊಳೆ.

ಈ ಕೊನೆಯದೇ ನಿನಗೆ ಹೆಚ್ಚು ಕಾಡುವುದು. ತಮಿಳಿನಲ್ಲೂ ಮಲಯಾಳದಲ್ಲೂ ಎಣಿಕೆಯ ಆರಕ್ಕೂ ಹೊಳೆಗೂ ಕಾಗುಣಿತ ಒಂದೇ. ಬೇರೆ ಮಾಡಲು ವಿಭಕ್ತಿ ಹಚ್ಚಿ ನೋಡು. ಹೊಳೆಯಾದರೆ ಱ ಇಮ್ಮಡಿಸುತ್ತದೆ: ‘ಆಱ್ಱಿಲ್’ ಅಂದರೆ ಹೊಳೆಯಲ್ಲಿ, ‘ಆಱ್ಱಂಗರೈ’ ಅಂದರೆ ಹೊಳೆದಂಡೆ. ಎಣಿಕೆಯಾದರೆ ಇಮ್ಮಡಿಸದು: ‘ಆಱಿಲ್’ ಅಂದರೆ ಆರರಲ್ಲಿ. ಆಡುಮಾತಿನ ತಮಿಳಿನಲ್ಲಿ ಹೊಳೆಯಲ್ಲಿ ಎನ್ನಲು ‘ಆತ್ತುಲ’ ಎನ್ನುತ್ತಾರೆ. ಅಯ್ಯರ್, ಅಯ್ಯಂಗಾರ್ ಮನೆಗಳ ತಮಿಳಿನಲ್ಲಿ ಅದೇ ‘ಆತ್ತುಲ’ ಅಂದರೆ ಮನೆಯಲ್ಲಿ; ಅದು ಬಂದದ್ದು ಮನೆ ಎಂಬರ್ಥದ ‘ಅಗಂ’ ಎಂಬುದರಿಂದ, ಹೊಳೆಗೂ ಅದಕ್ಕೂ ನಂಟಿಲ್ಲ. ಸಂಭಾಷಣೆಗೆ ಅಡಿಬರಹ ಬರೆಯುವಾಗ ಮಾತಾಡುತ್ತಿರುವವರು ಯಾರು ಎಂದು ನೋಡದೆ ಈ ಪದ ಮುಟ್ಟಬೇಡ.

ಊರಿನ ಹೆಸರುಗಳಲ್ಲಿ ಸಂಖ್ಯೆಯೂ ಹೊಳೆಯೂ ಪಕ್ಕಪಕ್ಕ ಕೂರುತ್ತವೆ. ಮೂನ್ನಾರ್ ಎಂದರೆ ಮೂರು ಹೊಳೆ: ಮುದಿರಪುಳ, ನಲ್ಲತಣ್ಣಿ, ಕುಂಡಲ ಅಲ್ಲಿ ಕೂಡುತ್ತವೆ. ತಿರುವೈಯಾರು ಎಂದರೆ ಐದು ಹೊಳೆಯ ಪುಣ್ಯಸ್ಥಳ, ಐದು-ಆರು ಅಲ್ಲ. ಅನುಮಾನ ಬಂದರೆ ಅಲ್ಲಿಯ ದೇವರ ಸಂಸ್ಕೃತ ಹೆಸರು ನೋಡು: ತಿರುವೈಯಾರಿನಲ್ಲಿ ಪಂಚನದೀಶ್ವರ, ಉತ್ತರ ಅಲ್ಲೇ ಇದೆ. ಅಲ್ಲಿರುವ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ನಮ್ಮ ಬೆಂಗಳೂರು ನಾಗರತ್ನಮ್ಮ, ಹಾಗಾಗಿ ಆ ಊರಿನ ಹೆಸರು ಕನ್ನಡದಲ್ಲಿ ತಪ್ಪಾಗಿ ಬಿಡಿಸಿಕೊಂಡರೆ ನನಗೆ ವಿಶೇಷ ಬೇಸರ. ಪಾಲಾರ್ ಕೂಡ ಹೀಗೇ. ಚಿಕ್ಕಬಳ್ಳಾಪುರ, ಕೋಲಾರ ಸೀಮೆಯಲ್ಲಿ ಹುಟ್ಟಿ ಆಂಧ್ರ ದಾಟಿ ತಮಿಳುನಾಡಿಗೆ ಹೋಗುವ ಹೊಳೆ ಅದು. ಅಲ್ಲಿಯ ‘ಪಾಲ್’ ಹಾಲು, ನಮ್ಮ ಪಾಲು-ಹಂಚಿಕೆಯ ಪಾಲಲ್ಲ. ಕ್ಷೀರನದಿ ಎಂಬ ಹೆಸರೂ ಅದಕ್ಕಿದೆ. ‘ಪಾಲಾರ್ ನದಿ’ ಎಂದು ಬರೆದರೆ ಹೊಳೆ ಎರಡು ಸಲ ಬಂತಲ್ಲ ಎಂದು ‘ನದಿ’ ತೆಗೆಯಬೇಡ. ಕನ್ನಡ ಓದುಗರಿಗೆ ಅದು ಬೇಕು.

ಆದರೆ ಆರ್ ಎಂದು ಮುಗಿದದ್ದೆಲ್ಲ ಹೊಳೆ ಎಂದೂ ತಿಳಿಯಬೇಡ. ಚೆನ್ನೈಯ ಅಡಯಾರು ಹೊಳೆ ಹೌದು. ಮಂಗಳೂರಿನ ಅಡ್ಯಾರ್ ನೇತ್ರಾವತಿಯ ದಂಡೆಯಲ್ಲೇ ಇದ್ದರೂ ಅಷ್ಟರಿಂದಲೇ ತೀರ್ಮಾನಿಸಬಾರದು. ತುಳುವಿನಲ್ಲಿ ಹೊಳೆಗೆ ಸುದೆ, ಎಣಿಕೆಯ ಆರಕ್ಕೆ ಆಜಿ, ‘ಆರ್’ ಎಂದರೆ ಅವರು.

ಸರ್ಕಾರಿ ತಮಿಳಿನಲ್ಲಿ ಇನ್ನೊಂದು ಆಱು ಇದೆ, ದಾರಿ ಅಥವಾ ರೀತಿ ಎಂಬರ್ಥದ್ದು. ‘ಪಿನ್‌ವರುಮಾಱು’ ಅಂದರೆ ಈ ಕೆಳಗಿನಂತೆ. ‘ವರುಮಾಱು’ ಅಂದರೆ ಬರುವಂತೆ. ಇದು ಪ್ರಕಟಣೆಗಳಲ್ಲಿ ಪದೇ ಪದೇ ಬರುತ್ತದೆ, ಒಮ್ಮೆ ಕಲಿತರೆ ಸಾಕು.

ಆಸ್ಪತ್ರೆಯ ಕಾಗದಗಳ ಮೇಲೆ ಮಾತ್ರ ಹೆಚ್ಚು ಹೊತ್ತು ಕೂರು. ತಮಿಳಿನಲ್ಲಿ ‘ಪುಣ್ ಆಱುಂ ವರೈ’ ಎಂದಿದ್ದರೆ ಹುಣ್ಣು ಮಾಯುವವರೆಗೆ ಎಂದರ್ಥ. ನೀನು ‘ಗಾಯ ಆರುವವರೆಗೆ ಮುಲಾಮು ಹಚ್ಚಿ’ ಎಂದು ಬರೆದರೆ ನಮ್ಮವರು ಒಣಗುವವರೆಗೆ ಎಂದೂ ಓದಬಹುದು. ಹಾಗೆ ಓದಿದರೆ, ಮೇಲೆ ಹಕ್ಕಳೆ ಕಟ್ಟಿದ್ದೇ ತಡ ಮುಲಾಮು ನಿಲ್ಲಿಸುತ್ತಾರೆ, ಒಳಗೆ ಇನ್ನೂ ಹಸಿಯಾಗಿರುತ್ತದೆ. ‘ಮಾಯುವವರೆಗೆ’ ಅಥವಾ ‘ಪೂರ್ತಿ ವಾಸಿಯಾಗುವವರೆಗೆ’ ಎಂದೇ ಬರೆ. ಕನ್ನಡದಿಂದ ತೆಲುಗಿಗೆ ಹೋಗುವಾಗಲೂ ಇದೇ ಎಚ್ಚರ ಬೇಕು. ‘ಕುದಿಸಿ ಆರಿಸಿದ ನೀರು’ ನಮಗೆ ಸರಿ. ತೆಲುಗಿನಲ್ಲಿ ಆರುವುದು ಬಟ್ಟೆ ಮತ್ತು ದೀಪ, ನೀರು ‘ಚಲ್ಲಾರುತ್ತದೆ’. ಆದ್ದರಿಂದ ‘ಕಾಚಿ ಚಲ್ಲಾರ್ಚಿನ ನೀಳ್ಳು’ ಎಂದು ಬರೆಯಬೇಕು. ಹೊಳೆಗೆ ಅವರದು ‘ಏರು’, ನಮ್ಮ ಏರುವ ಏರಲ್ಲ. ವಿಭಕ್ತಿ ಸೇರುವ ಮುಂಚೆ ಅದು ‘ಏಟಿ’ ಆಗುತ್ತದೆ, ‘ಏಟಿ ಒಡ್ಡು’ ಅಂದರೆ ಹೊಳೆದಂಡೆ.

ಉತ್ತರದ ಭಾಷೆಗಳ ಕೆಲಸ ಬಂದರೆ ಇಷ್ಟು ನೆನಪಿಡು: ಬಂಗಾಳಿಯಲ್ಲಿ ‘ಆರ್’ ಅಂದರೆ ಮತ್ತು, ಇನ್ನೂ, ಹಿಂದಿಯ ‘ಆರ್-ಪಾರ್’ನಲ್ಲಿ ಈಚೆ ದಡ.

ಮೇಜಿನ ಮೇಲೆ 1894ರ ಕಿಟ್ಟೆಲ್ ನಿಘಂಟು ಇಟ್ಟುಕೋ, ಅದರಲ್ಲಿ ಱ ಇರುವ ಪದಗಳನ್ನು ಹಾಗೆಯೇ ಕೊಟ್ಟಿದೆ. ಜೊತೆಗೆ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶದ 1984ರ ಆವೃತ್ತಿ ಇರಲಿ. ನಂಟಿರುವ ಪದಗಳು ಒಂದೇ ನಮೂದಿನಲ್ಲಿರುತ್ತವೆ, ನಂಟಿಲ್ಲದವು ಬೇರೆಬೇರೆ ನಮೂದಿನಲ್ಲಿ. ನಿನ್ನ ಸ್ವಂತ ಟಿಪ್ಪಣಿಗಳಲ್ಲಿ ಱ ಬಳಸು. ಯೂನಿಕೋಡ್‌ನಲ್ಲಿ ಆ ಅಕ್ಷರ ಇದೆ. ಕೀಲಿಮಣೆಯಲ್ಲಿ ಸಿಗದಿದ್ದರೆ ಈ ಪತ್ರದಿಂದಲೇ ನಕಲು ಮಾಡಿಕೋ. ಅಚ್ಚಿಗೆ ಹೋಗುವ ಪ್ರತಿಯಲ್ಲಿ ಮಾತ್ರ ರ ಹಾಕು. ಕಡತ ಕಳಿಸುವ ಮುಂಚೆ ‘ಆರು’, ‘ಆರ್’, ‘ಯಾರ್’ ಎಂದು ಮೂರು ಸಲ ಹುಡುಕಿ, ಸಿಕ್ಕ ಪ್ರತಿಯೊಂದನ್ನೂ ಮೂಲದ ಸಾಲಿನ ಪಕ್ಕ ಇಟ್ಟು ನೋಡು. ಸಂದೇಹ ಉಳಿದ ಸಾಲುಗಳನ್ನು ಮೂಲದ ಲಿಪಿಯಲ್ಲೇ ನನಗೆ ಕಳಿಸು, ಕನ್ನಡಕ್ಕೆ ಲಿಪ್ಯಂತರ ಮಾಡಿ ಬೇಡ.

ಇತಿ,
ನಿನ್ನ ದೊಡ್ಡಪ್ಪ